ಇದು ಅಸಲಿ ಅಂತ ಹೇಗೆ ಗೊತ್ತಾಗುತ್ತೆ?

ಅಮೆರಿಕ ಸೇನೆಯ ಹಳೆ ಯೂನಿಫಾರ್ಮ್, ಮೆಡಲ್, ತೋಳಿಗೆ ಹೊಲಿಯುವ ಪ್ಯಾಚ್ ಕೂಡಿಡುತ್ತೇನೆ ಅಂದ ಕೂಡಲೇ ಎಲ್ಲರೂ ಕೇಳುವ ಪ್ರಶ್ನೆ ಇದು. ಇಲ್ಲಿ ಓಹಾಯೊದಲ್ಲಿ ಪಕ್ಕದ ಮನೆಯವರು ಕೇಳುತ್ತಾರೆ, ಊರಿಗೆ ಹೋದರೆ ಸೋದರಮಾವ ಕೇಳುತ್ತಾರೆ. ಮಾವ ಜೊತೆಗೆ ‘ದುಡ್ಡು ಕೊಟ್ಟು ಯಾರೋ ಸತ್ತವರ ಬಟ್ಟೆ ಯಾಕೋ ತರ್ತೀಯ’ ಅಂತಲೂ ಕೇಳುತ್ತಾರೆ. ಅದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ.

ಮಾರುವವನ ಕಥೆ ಆಮೇಲೆ ಕೇಳಿದರಾಯ್ತು, ಮೊದಲು ಲೇಬಲ್ ಹುಡುಕಿ. ಫೀಲ್ಡ್ ಜಾಕೆಟ್ಟಿನ ಲೇಬಲ್‌ನಲ್ಲಿ ‘ಡಿಎಸ್‌ಎ 100-68-ಸಿ’ ಅಂತ ಶುರುವಾಗುವ ನಂಬರ್ ಇದ್ದರೆ, ಆ 68 ಅಂದರೆ ಕಾಂಟ್ರಾಕ್ಟ್ ಆದ ಹಣಕಾಸು ವರ್ಷ, 1968. ಡಿಎಸ್‌ಎ ಅನ್ನೋದು ಡಿಫೆನ್ಸ್ ಸಪ್ಲೈ ಏಜೆನ್ಸಿ, ಸೇನೆಗೆ ಸಾಮಾನು ಒದಗಿಸುತ್ತಿದ್ದ ಸರ್ಕಾರಿ ಸಂಸ್ಥೆ. 1977ರಲ್ಲಿ ಅದರ ಹೆಸರು ಬದಲಾಯ್ತು, ಲೇಬಲ್ ಮೇಲೆ ಡಿಎಲ್‌ಎ (ಡಿಫೆನ್ಸ್ ಲಾಜಿಸ್ಟಿಕ್ಸ್ ಏಜೆನ್ಸಿ) ಬಂತು. ವಿಯೆಟ್ನಾಂ ಯುದ್ಧ ಮುಗಿದದ್ದು 1975ರಲ್ಲಿ. ಹಾಗಾಗಿ ಡಿಎಲ್‌ಎ ಲೇಬಲ್ ಇರುವ ಜಾಕೆಟ್ ಹಿಡಿದು ‘ನಮ್ಮಪ್ಪ ವಿಯೆಟ್ನಾಂನಲ್ಲಿ ಹಾಕಿದ್ದು’ ಅಂದರೆ ನಕ್ಕು ಮುಂದಕ್ಕೆ ಹೋಗಿ.

ಎರಡನೇ ಮಹಾಯುದ್ಧದ ಬಟ್ಟೆಯಲ್ಲಿ ನನಗೆ ಜಾಸ್ತಿ ಇಷ್ಟ ಲಾಂಡ್ರಿ ಗುರುತು. ಸೈನಿಕನ ಸರ್‌ನೇಮ್‌ನ ಮೊದಲ ಅಕ್ಷರ, ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿ. ನಮ್ಮಲ್ಲಿ ದೋಬಿ ಬಟ್ಟೆಯ ಮೂಲೆಗೆ ಹಾಕುವ ಗುರುತು ಇದೆಯಲ್ಲ, ಅದೇ ಕೆಲಸ. ಇಂಥ ಗುರುತು ಹಿಡಿದು ಆ ಮನುಷ್ಯನನ್ನು ಹುಡುಕಲು ಹೊರಟರೆ ಬಹಳ ಸಲ ದಾರಿ ಸೇಂಟ್ ಲೂಯಿಸ್‌ನಲ್ಲಿ ನಿಂತುಬಿಡುತ್ತದೆ. 1973ರ ಜುಲೈ 12ರಂದು ಅಲ್ಲಿನ ಸೈನಿಕರ ದಾಖಲೆ ಕಚೇರಿಗೆ ಬೆಂಕಿ ಬಿದ್ದು 1.6 ಕೋಟಿಗೂ ಹೆಚ್ಚು ಕಡತ ಸುಟ್ಟುಹೋದವು. 1912ರಿಂದ 1960ರ ನಡುವೆ ಸೇನೆ ಬಿಟ್ಟವರ ಕಡತಗಳಲ್ಲಿ ಸುಮಾರು 80% ಅಲ್ಲೇ ಬೂದಿ.

ಮೆಡಲ್ ಬಗ್ಗೆ ಜಾಸ್ತಿ ಹೇಳಲ್ಲ. ಯುದ್ಧದಲ್ಲಿ ಗಾಯಗೊಂಡವರಿಗೆ, ಸತ್ತವರಿಗೆ ಕೊಡುವ ಪರ್ಪಲ್ ಹಾರ್ಟ್ ಒಂದನ್ನೇ ನೋಡಿ ಯಾವ ಯುದ್ಧದ್ದು ಅನ್ನೋದು ಕಷ್ಟ, ಯಾಕಂದ್ರೆ ಎರಡನೇ ಮಹಾಯುದ್ಧದಲ್ಲಿ ಜಪಾನ್ ಮೇಲೆ ನುಗ್ಗಬೇಕಾಗುತ್ತೆ ಅಂತ ರಾಶಿ ರಾಶಿ ಮಾಡಿಸಿಟ್ಟರು, ಆ ನುಗ್ಗಾಟ ನಡೆಯಲೇ ಇಲ್ಲ, ಉಳಿದ ಮೆಡಲ್‌ಗಳನ್ನು ಮುಂದಿನ ಯುದ್ಧಗಳಲ್ಲೂ ಕೊಟ್ಟರು. ಇನ್ನು ಅಮೆರಿಕದ ಅತಿ ದೊಡ್ಡ ಶೌರ್ಯ ಪದಕ ಮೆಡಲ್ ಆಫ್ ಆನರ್ ಯಾರಾದರೂ ಮಾರ್ತೀನಿ ಅಂದರೆ ಮುಟ್ಟಲೇಬೇಡಿ, ಇಲ್ಲಿ ಅದನ್ನು ಮಾರೋದೇ ಅಪರಾಧ.

ಪ್ಯಾಚ್‌ಗೆ ಎಲ್ಲರೂ ಹೇಳುವ ಪರೀಕ್ಷೆ ಯುವಿ ಟಾರ್ಚ್. ಕತ್ತಲೆಯಲ್ಲಿ ಬೆಳಕು ಬಿಟ್ಟರೆ ಈಗಿನ ದಾರ ಬೆಳ್ಳಗೆ ಹೊಳೆಯುತ್ತದೆ, ಹಳೆ ಹತ್ತಿ ದಾರ ಮಂಕಾಗಿ ಇರುತ್ತದೆ. ಆದರೆ ಯಾರದೋ ಮನೆಯಲ್ಲಿ ಅಜ್ಜನ ಶರ್ಟನ್ನು ಈಗಿನ ಡಿಟರ್ಜೆಂಟ್ ಹಾಕಿ ಒಗೆದಿದ್ದರೆ ಅಸಲಿಯೂ ಹೊಳೆಯುತ್ತೆ!

ನಾನು ಟೋಪಿ ಹಾಕಿಸಿಕೊಂಡದ್ದು ಸಿಬಿಐ ಪ್ಯಾಚ್‌ನಲ್ಲಿ. ಸಿಬಿಐ ಅಂದರೆ ನಮ್ಮ ಪೊಲೀಸರಲ್ಲ, ಎರಡನೇ ಮಹಾಯುದ್ಧದ ಚೀನಾ-ಬರ್ಮಾ-ಇಂಡಿಯಾ ರಣರಂಗ. ಗುರಾಣಿ ಆಕಾರ, ಕೆಳಗೆ ಕೆಂಪು-ಬಿಳಿ ಪಟ್ಟಿ, ಮೇಲೆ ನೀಲಿಯಲ್ಲಿ ಚೀನಾದ ಸೂರ್ಯ ಮತ್ತು ಭಾರತದ ನಕ್ಷತ್ರ. ಭಾರತಕ್ಕೆ ಬಂದ ಅಮೆರಿಕದ ಸೈನಿಕರು ಬಜಾರಿನ ದರ್ಜಿಗಳ ಹತ್ತಿರವೇ ಇದನ್ನು ಜರಿಯಲ್ಲಿ, ಚರ್ಮದಲ್ಲಿ, ರೇಷ್ಮೆಯಲ್ಲಿ ಮಾಡಿಸಿಕೊಂಡರು. ಸೂರ್ಯ ಸೊಟ್ಟ, ಪಟ್ಟಿ ಒಂದು ದಪ್ಪ ಒಂದು ಸಣ್ಣ. ಮೆಷಿನ್ ಮಾಲಿನ ಲೆಕ್ಕ ಇಲ್ಲಿ ನಡೆಯಲ್ಲ, ಸೊಟ್ಟಗಿದ್ದರೇ ಒಳ್ಳೇದು ಅಂತ ನಾನೂ ಕಲಿತಿದ್ದೆ. ಹಾಗೆ ಒಂದು ಸಂತೆಯಲ್ಲಿ ಸೊಟ್ಟ ಜರಿ ಪ್ಯಾಚ್ ಕಂಡಿತು, 80 ಡಾಲರ್ ಕೊಟ್ಟೆ. ಮನೆಗೆ ತಂದು ತಿರುಗಿಸಿ ನೋಡಿದರೆ ಹಿಂದಿನ ಬಟ್ಟೆ ಪಾಲಿಯೆಸ್ಟರ್, ಆ ಕಾಲದ್ದೇ ಅಲ್ಲ. ಜರಿ ಕಸೂತಿ ನಿಂತುಹೋದ ಕೆಲಸ ಅಲ್ಲವಲ್ಲ, ಪಾಕಿಸ್ತಾನದ ಸಿಯಾಲ್‌ಕೋಟ್‌ನಲ್ಲಿ ಇವತ್ತಿಗೂ ಸೇನೆಯ ಜರಿ ಬ್ಯಾಡ್ಜ್ ಹೊಲಿಯುತ್ತಾರೆ. ಬೇಕಂತಲೇ ಸೊಟ್ಟ ಹೊಲಿಯೋದು ಅಂಥ ಕೈಗೆ ಎಷ್ಟು ಹೊತ್ತು? ಈಗ ಮುಂಭಾಗ ನೋಡುವ ಮೊದಲೇ ಹಿಂಭಾಗ ನೋಡುತ್ತೇನೆ: ಹಳೆ ಹತ್ತಿ ಬಟ್ಟೆ ಇದೆಯಾ, ಜರಿ ಕಪ್ಪಾಗಿದೆಯಾ, ತೋಳಿನಿಂದ ಬಿಚ್ಚಿದ ಹೊಲಿಗೆಯ ತೂತು ಉಳಿದಿದೆಯಾ ಅಂತ.

ಆಮೇಲೆ ಸಿಕ್ಕ ಇನ್ನೊಂದರಲ್ಲಿ ಮೂರೂ ಇವೆ. 1943ರಲ್ಲಿ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಅಮೆರಿಕದ ವಾಯುಪಡೆಗೆ ಒಪ್ಪಿಸಿದ್ದರು, 84ನೇ ಏರ್ ಡಿಪೋ ಅಂತ ಅದರ ಹೆಸರು, ಕ್ಯಾಟಲೀನಾ ವಿಮಾನಗಳು ರಿಪೇರಿಗೆ ಅಲ್ಲಿಗೇ ಬರುತ್ತಿದ್ದವು. ನನ್ನ ಪ್ಯಾಚ್ ಚಿಕ್ಕಪೇಟೆಯ ಯಾವುದೋ ದರ್ಜಿ ಹೊಲಿದದ್ದು ಅಂತ ನಂಬಲು ತುಂಬಾ ಆಸೆ. ಪುರಾವೆ ಏನೂ ಇಲ್ಲ. ಡಬ್ಬಿಯ ಮೇಲೆ ಸುಮ್ನೆ ‘ಭಾರತದಲ್ಲಿ ಮಾಡಿದ್ದು’ ಅಂತಷ್ಟೇ ಬರೆದಿದ್ದೇನೆ.