ಸೋಲ್‌ನಲ್ಲಿ ಸೈರನ್ ಕೂಗಿದ ಬುಧವಾರ

2023ರ ಮೇ 31, ಬೆಳಿಗ್ಗೆ 6 ಗಂಟೆ 32 ನಿಮಿಷ. ದಕ್ಷಿಣ ಕೊರಿಯಾದ ರಾಜಧಾನಿ ಸೋಲ್‌ನಲ್ಲಿ ಸೈರನ್ ಕೂಗಿತು. ಏರಿಳಿತವಿಲ್ಲದ ಒಂದೇ ಸ್ವರ, ಒಂದು ನಿಮಿಷ. ಜೊತೆಗೆ ಧ್ವನಿವರ್ಧಕದಲ್ಲಿ ಏನೋ ಪ್ರಕಟಣೆ ಬಂತು. ಎತ್ತರದ ಅಪಾರ್ಟ್‌ಮೆಂಟುಗಳ ನಡುವೆ ಅದು ಮಾರ್ದನಿಸಿ, ಕೊರಿಯನ್ ಚೆನ್ನಾಗಿ ಬಲ್ಲವರಿಗೂ ಅರ್ಥವಾಗಲಿಲ್ಲ. ಒಂಬತ್ತು ನಿಮಿಷ ಕಳೆದು, 6:41ಕ್ಕೆ, ನಗರದ ಫೋನುಗಳೆಲ್ಲ ಒಟ್ಟಿಗೆ ಅರಚಿಕೊಂಡವು. ಸೋಲ್ ಪ್ರದೇಶಕ್ಕೆ ಎಚ್ಚರಿಕೆ ಜಾರಿಯಾಗಿದೆ, ಸುರಕ್ಷಿತ ಜಾಗಕ್ಕೆ ಹೋಗಲು ಸಿದ್ಧರಾಗಿ, ಮಕ್ಕಳು ಮತ್ತು ವಯಸ್ಸಾದವರು ಮೊದಲು ಹೋಗುವಂತೆ ನೋಡಿಕೊಳ್ಳಿ ಎಂದು ಸಂದೇಶ. ಯಾಕೆ ಎಂದು ಇರಲಿಲ್ಲ. ಎಲ್ಲಿಗೆ ಎಂದೂ ಇರಲಿಲ್ಲ. ಕೊರಿಯನ್ ಬಿಟ್ಟು ಬೇರೆ ಭಾಷೆಯಲ್ಲಂತೂ ಒಂದಕ್ಷರ ಇರಲಿಲ್ಲ.

ಆಗ ಎಲ್ಲರೂ ಮಾಡುವುದನ್ನೇ ಸೋಲ್‌ನವರೂ ಮಾಡಿದರು, ನೇವರ್ ತೆರೆದರು. ಆ ದೇಶದಲ್ಲಿ ಹುಡುಕಾಟಕ್ಕೆ ಜನ ಮೊದಲು ಹೋಗುವುದು ಅಲ್ಲಿಗೇ. ಲಕ್ಷಾಂತರ ಮಂದಿ ಏಕಕಾಲಕ್ಕೆ ಹೋದದ್ದರಿಂದ ಅದರ ಮೊಬೈಲ್ ಪುಟ ಸುಮಾರು ಐದು ನಿಮಿಷ ತೆರೆದುಕೊಳ್ಳಲೇ ಇಲ್ಲ. ಬೇರೆ ದಿನವಾಗಿದ್ದರೆ ಸರ್ವರ್ ಕೈಕೊಟ್ಟಿದೆ ಎಂದು ಬೈದು ಸುಮ್ಮನಾಗುತ್ತಿದ್ದರು. ಸೈರನ್ ಕೂಗಿದ ಮೇಲೆ ನೇವರ್ ಸತ್ತಿದೆ ಎಂದರೆ ಯುದ್ಧವೇ ಶುರುವಾಗಿದೆ ಎಂದು ಅನ್ನಿಸುವುದು ಸಹಜ. ಕೆಲವರು ಮಕ್ಕಳನ್ನು ಎತ್ತಿಕೊಂಡು ನೆಲಮಾಳಿಗೆಯ ಪಾರ್ಕಿಂಗಿಗೆ ಇಳಿದರು. ಬಹಳಷ್ಟು ಜನ ಕಿಟಕಿಯಿಂದ ಆಚೆ ನೋಡಿ, ರಸ್ತೆಯಲ್ಲಿ ಬಸ್ಸು ಓಡುತ್ತಿರುವುದನ್ನು ಕಂಡು, ಹಲ್ಲುಜ್ಜಲು ಹೋದರು.

7:03ಕ್ಕೆ ಗೃಹ ಮತ್ತು ಸುರಕ್ಷತಾ ಸಚಿವಾಲಯದಿಂದ ಎರಡನೇ ಸಂದೇಶ ಬಂತು: ಸೋಲ್ ನಗರ 6:41ಕ್ಕೆ ಹೊರಡಿಸಿದ ಎಚ್ಚರಿಕೆ ತಪ್ಪಾಗಿ ಬಂದದ್ದು. 7:25ಕ್ಕೆ ನಗರಾಡಳಿತದ ಮೂರನೇ ಸಂದೇಶ: ಎಚ್ಚರಿಕೆ ತೆರವಾಗಿದೆ. ತಪ್ಪು ಎನ್ನುವುದು ಒಂದು, ತೆರವು ಎನ್ನುವುದು ಇನ್ನೊಂದು. ಮೇಯರ್ ಓ ಸೆ-ಹೂನ್ ಆಮೇಲೆ ಜನರ ಕ್ಷಮೆ ಕೇಳಿದರೂ, ಅತಿಯಾಗಿ ಸ್ಪಂದಿಸಿರಬಹುದು, ಆದರೆ ಇದು ತಪ್ಪಲ್ಲ ಎಂದೇ ವಾದಿಸಿದರು.

ನಡೆದದ್ದು ಇಷ್ಟು. ಉತ್ತರ ಕೊರಿಯಾ ಬೆಳಿಗ್ಗೆ 6:29ರ ಸುಮಾರಿಗೆ ತನ್ನ ಪಶ್ಚಿಮ ಕರಾವಳಿಯ ತೊಂಗ್‌ಚಾಂಗ್-ರಿಯಿಂದ ಚೊಲ್ಲಿಮಾ-1 ರಾಕೆಟ್ಟಿನಲ್ಲಿ ಬೇಹುಗಾರಿಕೆ ಉಪಗ್ರಹವೊಂದನ್ನು ಹಾರಿಸಿತು. ರಾಕೆಟ್ಟಿನ ದಾರಿ ದಕ್ಷಿಣಕ್ಕೆ, ಹಳದಿ ಸಮುದ್ರದ ಮೇಲೆ. ಸೋಲ್‌ನಿಂದ ಸುಮಾರು 200 ಕಿ.ಮೀ. ಪಶ್ಚಿಮಕ್ಕೆ, ಉತ್ತರ ಕೊರಿಯಾದ ಬಾಗಿಲಲ್ಲೇ ಇರುವ ಬೆಂಗ್‌ನ್ಯೊಂಗ್ ದ್ವೀಪಕ್ಕೆ ಎಚ್ಚರಿಕೆ ಕೊಡಬೇಕಾಗಿತ್ತು, ಕೊಟ್ಟರು. ಆದರೆ ಸಚಿವಾಲಯ ದೇಶದ ಎಲ್ಲ ನಿಯಂತ್ರಣ ಕೊಠಡಿಗಳಿಗೆ ಕಳಿಸಿದ ಆದೇಶದಲ್ಲಿ ಒಂದು ಸಾಲಿತ್ತು: ಎಚ್ಚರಿಕೆ ತಲುಪದ ಪ್ರದೇಶಗಳು ತಾವೇ ಅದನ್ನು ಜಾರಿ ಮಾಡಬೇಕು. ಆ ದ್ವೀಪಗಳಲ್ಲೇ ಯಂತ್ರ ಕೆಟ್ಟು ಸೈರನ್ ಮೊಳಗದ ಜಾಗಗಳಿದ್ದರೆ ಅವರು ಕೈಯಿಂದ ಒತ್ತಲಿ ಎಂಬುದು ಸಚಿವಾಲಯದ ಮನಸ್ಸಿನಲ್ಲಿದ್ದದ್ದು. ಸೋಲ್‌ನ ಕೊಠಡಿಯಲ್ಲಿದ್ದವರು, ನಮಗೂ ತಲುಪಿಲ್ಲವಲ್ಲ, ಹಾಗಾದರೆ ನಾವೂ ಒತ್ತಬೇಕು ಎಂದುಕೊಂಡರು. ಸುಮಾರು ತೊಂಬತ್ತು ಲಕ್ಷ ಜನರ ನಿದ್ದೆ ಹಾರಿಹೋದದ್ದು ಆ ಒಂದು ಸಾಲಿನಿಂದ. ಕಿಮ್ ಜಾಂಗ್-ಉನ್ ಅವರ ಪಾಲು ಅದರಲ್ಲಿ ಕಡಿಮೆಯೇ.

ಅದೇ ಹೊತ್ತಿಗೆ ಜಪಾನಿನ ಓಕಿನಾವಾದಲ್ಲಿ ಏನಾಯಿತು ನೋಡಿ. 6:30ಕ್ಕೆ ಜೆ-ಅಲರ್ಟ್ ಎಂಬ ಸರ್ಕಾರಿ ತುರ್ತು ಎಚ್ಚರಿಕೆ ಬಂತು, ಅಂದರೆ ಉಡಾವಣೆಯಾಗಿ ಒಂದು ನಿಮಿಷಕ್ಕೆ. ಉತ್ತರ ಕೊರಿಯಾದಿಂದ ಕ್ಷಿಪಣಿ ಹಾರಿಸಿದಂತೆ ಕಾಣುತ್ತಿದೆ, ಕಟ್ಟಡದ ಒಳಗೆ ಅಥವಾ ನೆಲದಡಿಗೆ ಹೋಗಿ ಎಂದು. ಕಾರಣ, ಮಾಡಬೇಕಾದ ಕೆಲಸ, ಎರಡೂ ಇದ್ದವು. 7:04ಕ್ಕೆ ತೆರವು. ಮಧ್ಯಾಹ್ನದ ಹೊತ್ತಿಗೆ ಕೊರಿಯನ್ನರು ಎರಡೂ ಸಂದೇಶಗಳ ಚಿತ್ರವನ್ನು ಅಕ್ಕಪಕ್ಕ ಇಟ್ಟು ತಮ್ಮ ಸರ್ಕಾರವನ್ನು ಹುರಿದು ಮುಕ್ಕುತ್ತಿದ್ದರು. ಉತ್ತರ ಕೊರಿಯಾದ ಮೇಲೆ ಸಿಟ್ಟು ಯಾರಿಗೂ ಅಷ್ಟಾಗಿ ಇರಲಿಲ್ಲ.

ಹೊರಗಿನಿಂದ ನೋಡುವವರಿಗೆ ಈ ನಿರ್ಲಿಪ್ತತೆ ವಿಚಿತ್ರವಾಗಿ ಕಾಣುತ್ತದೆ. ಬೆಂಗಳೂರಿನಲ್ಲೋ ಧಾರವಾಡದಲ್ಲೋ ಟಿವಿ ನೋಡುವವರಿಗೆ ಗುಲಾಬಿ ಬಣ್ಣದ ಸಾಂಪ್ರದಾಯಿಕ ಉಡುಪು ಹನ್‌ಬೊಕ್ ಉಟ್ಟ ಉತ್ತರ ಕೊರಿಯಾದ ವಾರ್ತಾವಾಚಕಿ ರಿ ಚುನ್-ಹಿ ಅವರ ಗುಡುಗು, ಸಾಲುಸಾಲು ಕ್ಷಿಪಣಿ ಲಾರಿಗಳು, ಕೆಳಗೆ ಕೆಂಪು ಪಟ್ಟಿಯಲ್ಲಿ ಓಡುವ ಬೆದರಿಕೆ, ಇಷ್ಟು ಕಾಣುತ್ತದೆ. ತಕ್ಷಣ ಸೋಲ್‌ನಲ್ಲಿರುವ ಮಗನಿಗೋ ಸೊಸೆಗೋ ಫೋನ್ ಹೋಗುತ್ತದೆ. ಅವರು ಆಗ ಆಫೀಸಿನ ಕ್ಯಾಂಟೀನಿನಲ್ಲಿ ಊಟಕ್ಕೆ ಸಾಲು ನಿಂತಿರುತ್ತಾರೆ.

ಸೋಲ್ ಮೊದಲಿನಿಂದ ಹೀಗಿರಲಿಲ್ಲ. 1994ರ ಮಾರ್ಚ್ 19ರಂದು ಎರಡು ಕೊರಿಯಾಗಳ ಗಡಿಯಲ್ಲಿರುವ ಪನ್‌ಮುನ್‌ಜೊಮ್‌ನ ಮಾತುಕತೆಯ ಮೇಜಿನಲ್ಲಿ ಉತ್ತರದ ಪ್ರತಿನಿಧಿ ಪಾಕ್ ಯೊಂಗ್-ಸು, ಸೋಲ್ ಇಲ್ಲಿಂದ ದೂರವಿಲ್ಲ, ಯುದ್ಧವಾದರೆ ಅದು ಬೆಂಕಿಯ ಸಮುದ್ರವಾಗುತ್ತದೆ ಎಂದರು. ಆ ದೃಶ್ಯ ದಕ್ಷಿಣದ ಟಿವಿಯಲ್ಲಿ ಬಂತು. ಅಣು ಬಿಕ್ಕಟ್ಟು ಬಿಗಿಯಾದ ಜೂನ್‌ನಲ್ಲಿ ಅಂಗಡಿಗಳಿಂದ ರಾಮ್ಯೊನ್ ನೂಡಲ್ಸ್, ಅಕ್ಕಿ, ಮೇಣದಬತ್ತಿ ಖಾಲಿಯಾದವು, ಷೇರುಪೇಟೆ ಬಿತ್ತು. ಅದೇ ಬೆಂಕಿಯ ಸಮುದ್ರ ಆಮೇಲೆ ಎಷ್ಟೋ ಸಲ ಬಂತು, ಅಂಗಡಿ ಖಾಲಿಯಾಗುವುದು ಮಾತ್ರ ನಿಂತಿತು. 2013ರ ಏಪ್ರಿಲ್‌ನಲ್ಲಿ ಉತ್ತರದವರು ತಮ್ಮ ರಾಜಧಾನಿ ಪ್ಯೊಂಗ್ಯಾಂಗ್‌ನ ರಾಯಭಾರ ಕಚೇರಿಗಳಿಗೆ, 10ನೇ ತಾರೀಖಿನ ಮೇಲೆ ನಿಮ್ಮ ಸುರಕ್ಷತೆಗೆ ನಾವು ಹೊಣೆಯಲ್ಲ ಎಂದು ಹೇಳಿದರು. ಕಚೇರಿಗಳವರು ಕದಲಲಿಲ್ಲ. ನಾಲ್ಕು ದಿನ ಬಿಟ್ಟು ದಕ್ಷಿಣದಲ್ಲಿರುವ ವಿದೇಶಿಯರೂ ಹೊರಡುವ ಏರ್ಪಾಡು ಮಾಡಿಕೊಳ್ಳಿ ಎಂದರು. ಯಾರೂ ಹೊರಡಲಿಲ್ಲ. ಅದಕ್ಕೂ ಮುಂಚೆ, ಮಾರ್ಚ್‌ನಲ್ಲಿ, ಸಮುದ್ರತೀರಕ್ಕೆ ನುಗ್ಗುವ ಹೋವರ್‌ಕ್ರಾಫ್ಟ್‌ಗಳ ಒಂದು ಭಾರೀ ಫೋಟೊ ಬಂದಿತ್ತು. ಒಂದೇ ಹೋವರ್‌ಕ್ರಾಫ್ಟನ್ನು ನಕಲು ಮಾಡಿ ಅಲ್ಲಲ್ಲಿ ಅಂಟಿಸಿದ್ದು ಗೊತ್ತಾಗಿ ಎಎಫ್‌ಪಿ ಸುದ್ದಿಸಂಸ್ಥೆ ಅದನ್ನು ವಾಪಸ್ ತೆಗೆದುಕೊಂಡಿತು.

ಹಾಗೆಂದು ನಕ್ಕು ಬಿಡುವುದೂ ಓದುವ ಕ್ರಮವಲ್ಲ. ತಾಲೂಕು ಕಚೇರಿಯ ಕಾಗದ ಬಂದರೆ ಅನುಭವಸ್ಥರು ಒಕ್ಕಣೆಗಿಂತ ಮೊದಲು ಸಹಿ ಯಾರದ್ದು, ಪ್ರತಿ ಯಾರಿಗೆ ಎಂದು ನೋಡುತ್ತಾರೆ. ಪ್ಯೊಂಗ್ಯಾಂಗ್‌ನ ಕಾಗದವನ್ನೂ ಹಾಗೆಯೇ ಓದಬೇಕು. ಸರ್ಕಾರದ ಹೆಸರಿನಲ್ಲಿ ಬಂದ ಹೇಳಿಕೆಯ ತೂಕ ಎಲ್ಲಕ್ಕಿಂತ ಹೆಚ್ಚು. ಅದರ ಕೆಳಗೆ ವಿದೇಶಾಂಗ ಸಚಿವಾಲಯದ್ದು, ಅದರ ಕೆಳಗೆ ವಕ್ತಾರರದ್ದು, ಇನ್ನೂ ಕೆಳಗೆ ಸುದ್ದಿಸಂಸ್ಥೆಯ ವರದಿಗಾರನ ಪ್ರಶ್ನೆಗೆ ವಕ್ತಾರರು ಕೊಟ್ಟ ಉತ್ತರ, ತಳದಲ್ಲಿ ಲೇಖಕನ ಹೆಸರಿರುವ ಟಿಪ್ಪಣಿಗಳು. ಬೈಗುಳ ಹೆಚ್ಚಾಗಿ ಕೆಳಗಿನ ಮೆಟ್ಟಿಲುಗಳಲ್ಲಿ ಇರುತ್ತದೆ. 2019ರ ಆಗಸ್ಟ್‌ನಲ್ಲಿ ದಕ್ಷಿಣ ಕೊರಿಯಾದ ಆಗಿನ ಅಧ್ಯಕ್ಷ ಮೂನ್ ಜೇ-ಇನ್ ಅವರ ಭಾಷಣ ಕೇಳಿದರೆ ಬೇಯಿಸಿದ ಹಸುವಿನ ತಲೆಯೂ ಬಿದ್ದು ಬಿದ್ದು ನಕ್ಕೀತು ಎಂದು ಬಂದದ್ದು ದಕ್ಷಿಣದ ವ್ಯವಹಾರ ನೋಡುವ ಒಂದು ಸಮಿತಿಯಿಂದ. ಕಿಮ್ ಜಾಂಗ್-ಉನ್ ಅವರ ತಂಗಿ ಕಿಮ್ ಯೊ-ಜಾಂಗ್ ಮಾತ್ರ ಈ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ಹುದ್ದೆ ಚಿಕ್ಕದು, ಅಣ್ಣ ದೊಡ್ಡವನು.

ಎರಡನೆಯದು, ಎಲ್ಲಿ ಪ್ರಕಟವಾಯಿತು ಎಂಬುದು. ಉತ್ತರ ಕೊರಿಯಾದ ಸರ್ಕಾರಿ ಸುದ್ದಿಸಂಸ್ಥೆ ಕೆಸಿಎನ್‌ಎ ಹೊರಗಿನವರ ಕಣ್ಣಿಗಾಗಿ, ರೊದೊಂಗ್ ಸಿನ್ಮುನ್ ಪತ್ರಿಕೆ ಮತ್ತು ದೇಶದೊಳಗಿನ ಟಿವಿ ತಮ್ಮ ಜನರಿಗಾಗಿ. ಹೊರಗೆ ಮಾತ್ರ ಹೇಳಿದ ಬೆದರಿಕೆಯನ್ನು ನುಂಗಿಕೊಳ್ಳುವುದು ಸುಲಭ. ತಮ್ಮ ಜನರ ಮುಂದೆಯೇ ಹೇಳಿದ್ದನ್ನು ಹಿಂತೆಗೆಯುವುದು ಕಷ್ಟ. ಮೇ 31ರ ಆ ರಾಕೆಟ್ ಎರಡನೇ ಹಂತದ ಎಂಜಿನ್ ಹೊತ್ತಿಕೊಳ್ಳದೆ ಸಮುದ್ರಕ್ಕೆ ಬಿತ್ತು. ಇದನ್ನು ಕೆಸಿಎನ್‌ಎ ಎರಡೂವರೆ ಗಂಟೆಯೊಳಗೆ ಒಪ್ಪಿಕೊಂಡಿತು.

ಮೂರನೆಯದು, ನಮ್ಮ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಮಾತು ಎಷ್ಟು ನೀರಸವಾಗಿದೆ ಎಂಬುದು. ಈ ಉಡಾವಣೆ ಆಕಾಶದಿಂದ ಉದುರಿದ ಆಶ್ಚರ್ಯವೇನಲ್ಲ. ಮೇ 31ರಿಂದ ಜೂನ್ 11ರ ಒಳಗೆ ಹಾರಿಸುತ್ತೇವೆ ಎಂದು ಎರಡು ದಿನ ಮುಂಚೆಯೇ ಜಪಾನಿನ ಕರಾವಳಿ ಕಾವಲು ಪಡೆಗೆ ತಿಳಿಸಿದ್ದರು. ರಾಕೆಟ್ಟಿನ ಭಾಗಗಳು ಬೀಳುವ ಜಾಗಗಳನ್ನೂ ಕೊಟ್ಟಿದ್ದರು, ಎರಡು ಹಳದಿ ಸಮುದ್ರದಲ್ಲಿ, ಒಂದು ಫಿಲಿಪ್ಪೀನ್ಸ್‌ನ ಲುಝೋನ್ ದ್ವೀಪದ ಪೂರ್ವಕ್ಕೆ. ಆ ಮೂರು ಜಾಗಗಳನ್ನು ನಕ್ಷೆಯ ಮೇಲೆ ಗುರುತು ಹಾಕಿ ಗೆರೆ ಎಳೆದವರಿಗೆ ಸೋಲ್ ದಾರಿಯಲ್ಲಿಲ್ಲ ಎಂದು ಮೊದಲೇ ಗೊತ್ತಿತ್ತು.

2010ರ ನವೆಂಬರ್ 23ರ ದಕ್ಷಿಣದ ಯೊನ್‌ಪ್ಯೊಂಗ್ ದ್ವೀಪದ ಮೇಲಿನ ದಾಳಿಯ ಮುಂಚೆಯೂ ಗುಡುಗು ಬರಲಿಲ್ಲ. ದಕ್ಷಿಣದ ಸೇನೆ ಅಲ್ಲಿ ಗುಂಡಿನ ಅಭ್ಯಾಸ ನಡೆಸುವುದಿತ್ತು. ಅದನ್ನು ಕೈಬಿಡಿ ಎಂದು ಬೆಳಿಗ್ಗೆ ಉತ್ತರದಿಂದ ಒಂದು ಸಂದೇಶ ಬಂತು, ಸಾಮಾನ್ಯ ಒಕ್ಕಣೆಯದು. ಅಭ್ಯಾಸ ನಡೆಯಿತು. ಮಧ್ಯಾಹ್ನ 2:34ಕ್ಕೆ ಉತ್ತರದ ಫಿರಂಗಿಗಳು ಗುಂಡು ಹಾರಿಸಿದವು. ಸುಮಾರು 170 ಗುಂಡುಗಳಲ್ಲಿ 80ರಷ್ಟು ದ್ವೀಪದ ಮೇಲೆ ಬಿದ್ದವು, ಇಬ್ಬರು ಯೋಧರು, ಇಬ್ಬರು ನಾಗರಿಕರು ಸತ್ತರು. ಊರು ಬಿಟ್ಟ ದ್ವೀಪದವರು ಇಂಚನ್‌ನ ಸಾರ್ವಜನಿಕ ಸ್ನಾನಗೃಹವೊಂದರಲ್ಲಿ ವಾರಗಟ್ಟಲೆ ಮಲಗಿದರು. ನಿರ್ದಿಷ್ಟ ಜಾಗ, ನಿರ್ದಿಷ್ಟ ದಿನ, ನಿರ್ದಿಷ್ಟ ಕಾರಣ, ಈ ಮೂರೂ ಇದ್ದ ಕಾಗದ ಬಂದರೆ ಹಗುರವಾಗಿ ತೆಗೆದುಕೊಳ್ಳಬಾರದು.

ಅಂಕಿಸಂಖ್ಯೆ ಇದ್ದ ಮಾತ್ರಕ್ಕೆ ನಿರ್ದಿಷ್ಟವಾಗುವುದಿಲ್ಲ ಎಂಬುದಕ್ಕೆ ಅಮೆರಿಕದ ಗುವಾಮ್ ದ್ವೀಪದ ಉದಾಹರಣೆ ಇದೆ. 2017ರ ಆಗಸ್ಟ್‌ನಲ್ಲಿ ಉತ್ತರದವರು, ನಮ್ಮ ನಾಲ್ಕು ಹ್ವಾಸಾಂಗ್-12 ಕ್ಷಿಪಣಿಗಳು 3,356.7 ಕಿ.ಮೀ. ದೂರವನ್ನು 1,065 ಸೆಕೆಂಡುಗಳಲ್ಲಿ ಹಾರಿ ಗುವಾಮ್‌ನಿಂದ 30–40 ಕಿ.ಮೀ. ಆಚೆ ಬೀಳುತ್ತವೆ ಎಂದರು. ದಶಮಾಂಶ ಬಿಂದುವನ್ನೂ ಬಿಡಲಿಲ್ಲ. ಆದರೆ ದಿನಾಂಕ ಇರಲಿಲ್ಲ, ಯೋಜನೆಯನ್ನು ನಾಯಕರಿಗೆ ಒಪ್ಪಿಸಿ ಅವರ ಆಜ್ಞೆಗೆ ಕಾಯುತ್ತೇವೆ ಎಂಬ ಬಾಲವಿತ್ತು. ಆ ಬಾಲವೇ ತಪ್ಪಿಸಿಕೊಳ್ಳುವ ದಾರಿ. ಗುವಾಮ್ ಆಡಳಿತ ಎರಡು ಪುಟದ ಸೂಚನೆ ಹಂಚಿತು: ಮಿಂಚಿನಂಥ ಬೆಳಕನ್ನು ನೋಡಬೇಡಿ, ಕಣ್ಣು ಹೋಗುತ್ತದೆ. ಅಧ್ಯಕ್ಷ ಟ್ರಂಪ್ ಮಾತ್ರ ಅಲ್ಲಿನ ಗವರ್ನರ್‌ಗೆ ಫೋನ್ ಮಾಡಿ, ನಿಮ್ಮ ಪ್ರವಾಸೋದ್ಯಮ ಹತ್ತುಪಟ್ಟು ಹೆಚ್ಚುತ್ತದೆ ನೋಡಿ ಎಂದರು.

ಕ್ಷಿಪಣಿಯ ಸುದ್ದಿಯಲ್ಲಿ ಹೊರಗಿನವರು ಪದೇಪದೇ ಎಡವುವ ಇನ್ನೊಂದು ಜಾಗವಿದೆ. 2022ರ ನವೆಂಬರ್ 18ರ ಕ್ಷಿಪಣಿ ಬಿದ್ದದ್ದು ಸುಮಾರು 1,000 ಕಿ.ಮೀ. ದೂರಕ್ಕೆ. ಅಮೆರಿಕ ಮುಟ್ಟುತ್ತೇವೆ ಎನ್ನುವವರು ಇಷ್ಟೇನಾ ಎಂದು ಅನ್ನಿಸಬಹುದು. ನೋಡಬೇಕಾದದ್ದು ಎತ್ತರ, ಅದು ಸುಮಾರು 6,000 ಕಿ.ಮೀ. ನೆರೆಯ ದೇಶಗಳ ತಲೆಯ ಮೇಲೆ ಹಾಯದಿರಲಿ ಎಂದು ಹೆಚ್ಚುಕಡಿಮೆ ನೆಟ್ಟಗೆ ಮೇಲಕ್ಕೆ ಹಾರಿಸಿದ್ದರು. ಅದನ್ನೇ ಓರೆಯಾಗಿ ಹಾರಿಸಿದರೆ, ಸಿಡಿತಲೆಯ ತೂಕ ಕಡಿಮೆಯಿದ್ದರೆ, 15,000 ಕಿ.ಮೀ. ಮೀರಬಹುದು ಎಂದು ಜಪಾನಿನ ರಕ್ಷಣಾ ಸಚಿವರು ಅಂದೇ ಹೇಳಿದರು.

ಗಾಬರಿ ದೂರ ಹೋದಷ್ಟೂ ದೊಡ್ಡದಾಗುತ್ತದೆ. 2018ರ ಜನವರಿ 13ರ ಬೆಳಿಗ್ಗೆ 8:07ಕ್ಕೆ ಹವಾಯಿಯ ಫೋನುಗಳಿಗೆ, ಕ್ಷಿಪಣಿ ಬರುತ್ತಿದೆ, ತಕ್ಷಣ ಆಶ್ರಯ ಪಡೆಯಿರಿ, ಇದು ಅಣಕು ಕಾರ್ಯಾಚರಣೆಯಲ್ಲ ಎಂದು ಬಂತು. ಪಾಳಿ ಬದಲಾಗುವ ಹೊತ್ತಿನ ಅಭ್ಯಾಸದ ಧ್ವನಿಮುದ್ರಣದಲ್ಲೇ ಆ ಕೊನೆಯ ವಾಕ್ಯ ಸೇರಿಕೊಂಡಿತ್ತು, ನೌಕರನೊಬ್ಬ ನಿಜವೆಂದು ನಂಬಿ ಕಳಿಸಿಬಿಟ್ಟ. ಸುಳ್ಳು ಎಂದು ಫೋನಿಗೆ ತಿಳಿಸಲು 38 ನಿಮಿಷ ಬೇಕಾಯಿತು. ತಪ್ಪಾಯಿತು ಎಂದು ಹೇಳುವ ಸಂದೇಶದ ನಮೂನೆಯನ್ನೇ ಸಿದ್ಧಮಾಡಿಟ್ಟಿರಲಿಲ್ಲ. ಗವರ್ನರ್‌ಗೆ ತಮ್ಮ ಟ್ವಿಟರ್ ಖಾತೆಯ ಪಾಸ್‌ವರ್ಡ್ ನೆನಪಿರಲಿಲ್ಲ. ಜನ ಮಕ್ಕಳನ್ನು ಚರಂಡಿಯ ಗುಂಡಿಗೆ ಇಳಿಸಿದರು. ಮೂರು ದಿನ ಬಿಟ್ಟು ಜಪಾನಿನ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಕೂಡ ಅಂಥದ್ದೇ ತಪ್ಪು ಮಾಡಿತು, ಆದರೆ ಐದು ನಿಮಿಷದಲ್ಲಿ ತಿದ್ದಿಕೊಂಡಿತು.

ಪ್ರಚಾರದ ಮಾತಿಗೆ ಬಂದರೆ, ಅದನ್ನು ಹತ್ತಿರದಿಂದ ಕಂಡ ಹೊರಗಿನವರಲ್ಲಿ ನಮ್ಮ ಮಡಿಕೇರಿಯ ಕೊಡಂದೇರ ತಿಮ್ಮಯ್ಯನವರೂ ಒಬ್ಬರು. ಕೊರಿಯಾ ಯುದ್ಧದ 1953ರ ಕದನವಿರಾಮದ ನಂತರ, ಊರಿಗೆ ಮರಳಲು ಒಪ್ಪದ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅವರೇ ಅಧ್ಯಕ್ಷರು. ಸ್ವೀಡನ್, ಸ್ವಿಟ್ಜರ್ಲೆಂಡ್, ಪೋಲೆಂಡ್, ಚೆಕೊಸ್ಲೊವಾಕಿಯಾದ ಪ್ರತಿನಿಧಿಗಳು ಜೊತೆಗಿದ್ದರು. ಕೈದಿಯನ್ನು ಡೇರೆಯೊಳಗೆ ಕರೆತಂದು, ಅವನ ಕಡೆಯ ಅಧಿಕಾರಿಗಳು ಬಾ, ತಾಯ್ನಾಡು ಕರೆಯುತ್ತಿದೆ ಎಂದು ಮನವೊಲಿಸಬೇಕು. ಸುಮಾರು 22,600 ಚೀನೀ ಮತ್ತು ಉತ್ತರ ಕೊರಿಯಾದ ಕೈದಿಗಳಲ್ಲಿ ಮರಳಿದವರು ಕೆಲವು ನೂರು ಮಾತ್ರ. ದಕ್ಷಿಣದ ಅಧ್ಯಕ್ಷ ಸಿಂಗ್ಮನ್ ರೀ ಅವರಿಗೂ ಈ ಏರ್ಪಾಡು ಹಿಡಿಸಿರಲಿಲ್ಲ. ಭಾರತದ ಯೋಧರು ತಮ್ಮ ನೆಲದ ಮೇಲೆ ಕಾಲಿಡಕೂಡದು ಎಂದದ್ದಕ್ಕೆ ಅವರನ್ನು ಇಂಚನ್‌ನಿಂದ ಹೆಲಿಕಾಪ್ಟರಿನಲ್ಲಿ ಗಡಿಗೆ ಸಾಗಿಸಬೇಕಾಯಿತು.

ಈಗಿನ ಪ್ರಚಾರದಲ್ಲಿ ಮನವೊಲಿಸುವ ಉದ್ದೇಶವೇ ಉಳಿದಿಲ್ಲ. 2024ರ ಮೇ 28ರ ರಾತ್ರಿಯಿಂದ ಉತ್ತರ ಕೊರಿಯಾ ಕಸದ ಬಲೂನುಗಳನ್ನು ಬಿಡತೊಡಗಿತು: ಸಿಗರೇಟು ತುಂಡು, ಗೊಬ್ಬರ, ಹರಿದ ಬಟ್ಟೆ, ಕಾಗದದ ಚೂರು. ಚೀಲ ಒಡೆಯಲು ಟೈಮರ್ ಕಟ್ಟಿರುತ್ತಿದ್ದರು. ಅದರಿಂದ ಅಲ್ಲಲ್ಲಿ ಬೆಂಕಿಯೂ ಹತ್ತಿತು. ಮೊದಲ ರಾತ್ರಿ ಗ್ಯೊಂಗಿ ಪ್ರಾಂತ್ಯದ ಸಂದೇಶದಲ್ಲಿ ಕೊರಿಯನ್ ಜೊತೆಗೆ ವಾಯುದಾಳಿಯ ಮುನ್ನೆಚ್ಚರಿಕೆ ಎಂಬ ಇಂಗ್ಲಿಷ್ ಸಾಲೂ ಇತ್ತು. ಕೊರಿಯನ್ ಓದಬಲ್ಲವರಿಗೆ ಅದು ಬಲೂನು, ಬಾರದವರಿಗೆ ಬಾಂಬು. ಬಲೂನು ಬಿದ್ದು ಕಾರಿನ ಗಾಜು ಒಡೆದರೆ ನಷ್ಟ ಕೊಡುವವರು ಯಾರು ಎಂಬುದಕ್ಕೆ ಕಾನೂನಿನಲ್ಲಿ ಉತ್ತರವಿರಲಿಲ್ಲ.

ಅದಕ್ಕೆ ಪ್ರತಿಯಾಗಿ ದಕ್ಷಿಣ ಗಡಿಯ ಧ್ವನಿವರ್ಧಕಗಳನ್ನು ಜೂನ್‌ನಲ್ಲಿ ಮತ್ತೆ ಚಾಲೂ ಮಾಡಿತು. ಉತ್ತರ ಆ ಬೇಸಿಗೆಯಲ್ಲಿ ತನ್ನ ಧ್ವನಿವರ್ಧಕಗಳಲ್ಲಿ ಭಾಷಣ ಬಿಟ್ಟು ಬರೀ ಕರ್ಕಶ ಸದ್ದು ಹಾಕಿತು. ಲೋಹ ಉಜ್ಜಿದಂತೆ, ಪ್ರಾಣಿ ಊಳಿಟ್ಟಂತೆ, ಹಗಲೂ ರಾತ್ರಿಯೂ. ಗಾಂಗ್ವಾ ದ್ವೀಪದ ದಾಂಗ್ಸಾನ್-ರಿಯಂಥ ಹಳ್ಳಿಗಳಲ್ಲಿ ಜನ ಕಿಟಕಿ ಮುಚ್ಚಿ, ನಿದ್ದೆ ಮಾತ್ರೆ ನುಂಗಿ ತಿಂಗಳುಗಳನ್ನು ತಳ್ಳಿದರು. 2025ರ ಜೂನ್ 11ರಂದು ದಕ್ಷಿಣ ತನ್ನ ಪ್ರಸಾರ ನಿಲ್ಲಿಸಿತು, ಮಾರನೇ ದಿನ ಉತ್ತರವೂ ನಿಲ್ಲಿಸಿತು.

ಸೋಲ್‌ಗೆ ಹೊಸದಾಗಿ ಬರುವವರು ಮಾಡಿಕೊಳ್ಳಬೇಕಾದದ್ದು ಹೆಚ್ಚೇನಿಲ್ಲ. ಒಂದೇ ಸ್ವರದ ಒಂದು ನಿಮಿಷದ ಸೈರನ್ ಎಂದರೆ ಸಿದ್ಧರಾಗಿ ಎಂದು. ಏರಿಳಿಯುತ್ತ ಕೂಗಿದರೆ ವಾಯುದಾಳಿ, ಚೀಲ ಹುಡುಕುತ್ತ ನಿಲ್ಲದೆ ಕೂಡಲೇ ನೆಲದಡಿಗೆ ಇಳಿಯಬೇಕು. ಹತ್ತಿರದ ದೇಪಿಸೊ, ಅಂದರೆ ಆಶ್ರಯತಾಣ, ಬಹುಪಾಲು ಮೆಟ್ರೊ ನಿಲ್ದಾಣವೋ ಅಪಾರ್ಟ್‌ಮೆಂಟಿನ ನೆಲಮಾಳಿಗೆಯ ಪಾರ್ಕಿಂಗೋ ಆಗಿರುತ್ತದೆ. ಅದನ್ನು ನಕ್ಷೆಯ ಆಪ್‌ನಲ್ಲಿ ಮೊದಲೇ ಹುಡುಕಿಟ್ಟುಕೊಳ್ಳಿ, ಆ ಹೊತ್ತಿಗೆ ನೇವರ್ ತೆರೆಯದಿರಬಹುದು. ಒಂದು ಚೀಲದಲ್ಲಿ ನೀರು, ಔಷಧಿ, ಟಾರ್ಚು, ಬ್ಯಾಟರಿ ರೇಡಿಯೊ, ಪಾಸ್‌ಪೋರ್ಟಿನ ಪ್ರತಿ ಇರಲಿ. ಊರಿನಿಂದ ಫೋನ್ ಬಂದಾಗ, ಎಚ್ಚರಿಕೆ ಕೊಟ್ಟದ್ದು ಬೆಂಗ್‌ನ್ಯೊಂಗ್‌ಗೋ ಸೋಲ್‌ಗೋ ಎಂದು ನೋಡಿ ಹೇಳಿದರೆ ಸಾಕು.