ಯಾವ ಕಂಪನಿ ಫಿಲ್ಟರ್ ಹಾಕಿಸಲಿ ಎಂದು ಕೇಳುವವರಿಗೆ

"ಉಪ್ಪುನೀರಿನ ಟ್ಯಾಂಕ್‌ಗೆ ಯಾವ ಕಂಪನಿ ಫಿಲ್ಟರ್ ಒಳ್ಳೇದು?"

ಶಿವಮೊಗ್ಗದಲ್ಲಿ ಕೂತು ಸಮುದ್ರದ ಮೀನು, ಮೆತ್ತನೆ ಹವಳ ಸಾಕುತ್ತೇನೆ ಅಂತ ಗೊತ್ತಾದ ಮೇಲೆ ಜನ ನನ್ನನ್ನು ಕೇಳುವುದು ಇದೊಂದನ್ನೇ. ಮದುವೆ ಮನೆಯ ಪಂಕ್ತಿಯಲ್ಲಿ ಕೇಳುತ್ತಾರೆ. ಗಾಂಧಿ ಬಜಾರಿನಲ್ಲಿ ತರಕಾರಿ ಆರಿಸುವಾಗ ಕೇಳುತ್ತಾರೆ. ಮಲಗುವ ಹೊತ್ತಿಗೆ ಫೋನ್ ಮಾಡಿ ಕೇಳುತ್ತಾರೆ. ಹೇಳಿ ಹೇಳಿ ಬಾಯಿ ನೋವು ಬಂದಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ನೇರ ಉತ್ತರ ಇದು: ಕಂಪನಿ ಮುಖ್ಯ ಅಲ್ಲವೇ ಅಲ್ಲ. ಚಿಕ್ಕ ರೀಫ್ (ಹವಳ ಸಾಕುವ) ಟ್ಯಾಂಕ್‌ನಲ್ಲಿ ನೀರನ್ನು ಕಾಪಾಡುವುದು ಪ್ಲಾಸ್ಟಿಕ್ ಡಬ್ಬವಲ್ಲ, ತೂತು ತೂತಾದ ಕಲ್ಲಿನ ಮೇಲೆ ಕೂತ ಬ್ಯಾಕ್ಟೀರಿಯಾ. ಮೀನಿನ ಹೊಲಸು, ಮಿಕ್ಕಿದ ತಿಂಡಿ ಕೊಳೆತರೆ ಅಮೋನಿಯಾ ಆಗುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಆಮ್ಲಜನಕ ತಲುಪದ ಕಲ್ಲಿನ ಒಡಲಲ್ಲಿ ಇರುವ ಮತ್ತೊಂದು ಗುಂಪು ಆ ನೈಟ್ರೇಟನ್ನೂ ಒಡೆದು ಸಾರಜನಕದ ಗಾಳಿಯಾಗಿ ಬಿಟ್ಟುಬಿಡುತ್ತದೆ. ರೀಫ್ ಟ್ಯಾಂಕಿನ pH, ಅಂದರೆ ನೀರಿನ ಆಮ್ಲ-ಕ್ಷಾರದ ಅಳತೆ, 8.1ರಿಂದ 8.4ರ ಆಸುಪಾಸು ಇರಬೇಕು. ಅಂಥ ನೀರಿನಲ್ಲಿ ಅಮೋನಿಯಾದ ವಿಷ ಸಿಹಿನೀರಿಗಿಂತ ಜಾಸ್ತಿ. ಹಾಗಾಗಿ ಈ ಬ್ಯಾಕ್ಟೀರಿಯಾ ಬೇರೂರುವ ಮುಂಚೆ ಮೀನು ಬಿಟ್ಟರೆ ಅದು ಸಾಯುತ್ತದೆ, ಅಷ್ಟೇ. ಬೇರೂರಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು.

ಇಷ್ಟು ಹೇಳಿದರೆ ಎದುರಿನವರ ಮುಖ ಸಣ್ಣದಾಗುತ್ತದೆ. "ಅಷ್ಟು ದಿನ ಬರೀ ನೀರು ನೋಡ್ಕೊಂಡು ಕೂರ್ಬೇಕಾ?" ಹೌದು ಸ್ವಾಮಿ, ಕೂರಬೇಕು.

ನನಗೆ ಸಿಟ್ಟು ಬರುವುದು ಪ್ರಶ್ನೆಗಲ್ಲ, ಅದನ್ನು ಕೇಳುವ ರೀತಿಗೆ. ಟ್ಯಾಂಕ್ ಎಷ್ಟು ಲೀಟರ್ ಅಂದರೆ ಗೊತ್ತಿಲ್ಲ. ಯಾವ ಮೀನು ಬಿಡ್ತೀರಿ ಅಂದರೆ "ಬಣ್ಣದ್ದು" ಅನ್ನುತ್ತಾರೆ. ಹವಳ ಇಡ್ತೀರಾ ಅಂದರೆ "ನೋಡೋಣ". ಫಿಲ್ಟರಿನ ಹೆಸರು ಮಾತ್ರ ಈಗಲೇ, ನಿಂತ ಜಾಗದಲ್ಲೇ ಬೇಕು. ಹೆಸರು ಹೇಳಲಿಲ್ಲ ಅಂದರೆ ನಾನು ಗುಟ್ಟು ಮಾಡುತ್ತಿದ್ದೇನೆ ಎಂಬ ಗುಮಾನಿ ಬೇರೆ. ಗುಟ್ಟು ಏನೂ ಇಲ್ಲ. ಜೀವ ಇರುವ ವಸ್ತುವಿನ ವಿಷಯ ಇದು, ಸುಮ್ನೆ ಒಂದು ಹೆಸರು ಉದುರಿಸಲು ನನಗೆ ಮನಸ್ಸು ಬರುವುದಿಲ್ಲ.

ಒಂದು ಮಳೆಗಾಲದ ಬೆಳಗ್ಗೆ ತೀರ್ಥಹಳ್ಳಿ ಕಡೆಯಿಂದ ನನ್ನ ಹೆಂಡತಿಯ ಅಣ್ಣ ಫೋನ್ ಮಾಡಿದರು. ಅವರದು ಎರಡಡಿಯ ಟ್ಯಾಂಕ್. ಅಂಗಡಿಯವರ ಮಾತು ಕೇಳಿ ದೊಡ್ಡ ಕ್ಯಾನಿಸ್ಟರ್ ಫಿಲ್ಟರ್ ಹಾಕಿಸಿದ್ದರು. ಹಿಂದಿನ ದಿನ ಸಂಜೆ ಗಾಳಿಗೆ ಮರ ಬಿದ್ದು ಲೈನ್ ಹರಿದಿತ್ತು. ಆಷಾಢದಲ್ಲಿ ನಮ್ಮ ಕಡೆ ಇದು ಸುದ್ದಿಯೇ ಅಲ್ಲ. ರಾತ್ರಿಯಿಡೀ ಕರೆಂಟ್ ಇಲ್ಲ. ಇನ್ವರ್ಟರ್ ಎರಡು ದೀಪ ಉರಿಸಿ ಕೈಚೆಲ್ಲಿತ್ತು. ಬೆಳಗ್ಗೆ ಕರೆಂಟ್ ಬಂತು, ಫಿಲ್ಟರ್ ತಾನಾಗಿ ಓಡತೊಡಗಿತು.

"ಭಾವ, ಕರೆಂಟ್ ಬಂತು, ಫಿಲ್ಟರೂ ಓಡ್ತಾ ಇದೆ. ಆದ್ರೆ ಮೀನೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡ್ತಾ ಇದಾವೆ. ಮನೆಯೆಲ್ಲ ಕೊಳೆತ ಮೊಟ್ಟೆ ವಾಸನೆ."

"ಮೊದ್ಲು ಫಿಲ್ಟರ್ ಆಫ್ ಮಾಡಿ ಭಾವ. ಆಮೇಲೆ ಮಾತಾಡೋಣ."

ಕ್ಯಾನಿಸ್ಟರ್ ಅಂದರೆ ಬಿಗಿಯಾಗಿ ಮುಚ್ಚಿದ ಡಬ್ಬ. ಒಳಗೆ ಸ್ಪಂಜು, ಸೆರಾಮಿಕ್ ಚೂರು, ಅವುಗಳ ಮೇಲೆಲ್ಲ ಬ್ಯಾಕ್ಟೀರಿಯಾ. ನೀರು ಹರಿಯುವ ತನಕ ಅವಕ್ಕೆ ಆಮ್ಲಜನಕ ಸಿಗುತ್ತದೆ. ಪಂಪ್ ನಿಂತರೆ ಒಳಗಿದ್ದದ್ದು ಕೆಲವೇ ಗಂಟೆಗಳಲ್ಲಿ ಮುಗಿದುಹೋಗುತ್ತದೆ. ಬ್ಯಾಕ್ಟೀರಿಯಾ ಸಾಯತೊಡಗುತ್ತವೆ. ಅಲ್ಲಿ ಸೇರಿದ್ದ ಕೊಳೆ ಗಾಳಿಯಿಲ್ಲದೆ ಕೊಳೆಯುತ್ತದೆ, ಹೈಡ್ರೋಜನ್ ಸಲ್ಫೈಡ್ ಎಂಬ ವಿಷಗಾಳಿ ಹುಟ್ಟುತ್ತದೆ, ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಕರೆಂಟ್ ಬಂದ ಕ್ಷಣ ಅಷ್ಟನ್ನೂ ಪಂಪ್ ಟ್ಯಾಂಕಿಗೆ ತಳ್ಳುತ್ತದೆ. ಅವತ್ತು ಭಾವನ ಟ್ಯಾಂಕಿನಲ್ಲಿ ಉಳಿದದ್ದು ಒಂದೇ ಒಂದು ಕ್ಲೌನ್ ಮೀನು. "ಇದೇ ಬೆಸ್ಟ್ ಅಂದಿದ್ರಲ್ಲ ಅಂಗಡಿಯವ್ರು" ಎಂದು ಅವರು ತುಂಬ ನೊಂದುಕೊಂಡರು. ನನಗೂ ಸಂಕಟವಾಯಿತು. ಓಡುವಾಗ ಅದು ಬೆಸ್ಟೇ ಇರಬಹುದು. ನಿಂತಾಗ ಏನು ಗತಿ ಎಂದು ಅಂಗಡಿಯಲ್ಲಿ ಯಾರೂ ಹೇಳಿರಲಿಲ್ಲ.

ಯಾರಾದರೂ ಕೇಳಲಿ ಎಂದು ನಾನು ಕಾಯುತ್ತಿರುವುದು ಆ ಪ್ರಶ್ನೆಗೇ: "ಕರೆಂಟ್ ಹೋದಾಗ ಈ ಫಿಲ್ಟರ್ ಏನು ಮಾಡುತ್ತದೆ?" ಜನರೇಟರ್ ಇರುವ ಅಪಾರ್ಟ್‌ಮೆಂಟಿನವರಿಗೆ ಇದು ಸಣ್ಣ ಮಾತು. ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಇದೇ ಮೊದಲ ಮಾತು ಆಗಬೇಕು.

ಕೇಳಿದ್ದೀರಿ ಅಂದುಕೊಂಡೇ ಹೇಳುತ್ತೇನೆ. ಟ್ಯಾಂಕಿನ ಬೆನ್ನಿಗೆ ನೇತುಹಾಕುವ ಹ್ಯಾಂಗ್ ಆನ್ ಫಿಲ್ಟರ್ ನಿಂತರೆ ಅಷ್ಟು ಅಪಾಯವಿಲ್ಲ, ಅದು ಬಿಗಿದು ಮುಚ್ಚಿದ ಡಬ್ಬವಲ್ಲ. ಆದರೆ ಕೆಲವು ಮಾಡೆಲ್‌ಗಳಲ್ಲಿ ಮೋಟಾರ್ ನೀರಿನ ಮಟ್ಟಕ್ಕಿಂತ ಮೇಲಿರುತ್ತದೆ. ಅಂಥವು ಕರೆಂಟ್ ಬಂದಾಗ ನೀರೆಳೆಯದೆ ಒಣಗಿಯೇ ತಿರುಗಿ ಸುಟ್ಟುಹೋಗಬಹುದು. ಮೋಟಾರ್ ನೀರಿನೊಳಗೆ ಮುಳುಗಿರುವಂಥದ್ದನ್ನೇ ನೋಡಿ ತಗೊಳ್ಳಿ. ಇನ್ನು ಸಂಪ್. ಟ್ಯಾಂಕಿನ ಕೆಳಗೆ ಇನ್ನೊಂದು ತೊಟ್ಟಿ ಇಟ್ಟು ನೀರನ್ನು ಮೇಲಕ್ಕೆ ಪಂಪ್ ಮಾಡುವ ಏರ್ಪಾಡು ಅದು. ಒಳ್ಳೆಯದೇ. ಪಂಪ್ ನಿಂತರೆ ಪೈಪಿನ ಬಾಯಿ ನೀರಿನಿಂದ ಹೊರಬರುವ ತನಕ ಮೇಲಿನ ನೀರು ಕೆಳಗಿಳಿಯುತ್ತದೆ. ಅಷ್ಟಕ್ಕೆ ಸಂಪ್‌ನಲ್ಲಿ ಜಾಗ ಬಿಟ್ಟಿರದಿದ್ದರೆ ಉಪ್ಪುನೀರು ನೆಲದ ಮೇಲೆ. ತುಂಬಿಸಿದ ದಿನವೇ ಪ್ಲಗ್ ಕಿತ್ತು, ಎಲ್ಲಿಯ ತನಕ ತುಂಬುತ್ತದೆ ಎಂದು ಕಣ್ಣಾರೆ ನೋಡಿ, ಅಲ್ಲೊಂದು ಗೆರೆ ಎಳೆದುಬಿಡಿ.

ಸ್ಕಿಮ್ಮರ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ಅದು ನನಗೆ ತುಂಬ ಇಷ್ಟವಾದ ಯಂತ್ರ. ಆಲೆಮನೆ ನೋಡಿದ್ದೀರಲ್ಲ, ಕಬ್ಬಿನ ಹಾಲು ಕುದಿಯುವಾಗ ಮೇಲೆ ಬರುವ ಕೊಳೆ ನೊರೆಯನ್ನು ತೆಗೆದು ಹಾಕುತ್ತಾರಲ್ಲ, ಸ್ಕಿಮ್ಮರಿನ ಕೆಲಸವೂ ಅದೇ, ಬೆಂಕಿ ಮಾತ್ರ ಇಲ್ಲ. ಕೊಳವೆಯೊಳಗೆ ಪುಡಿ ಪುಡಿ ಗುಳ್ಳೆ ಏಳುತ್ತವೆ. ಮೀನಿನ ಲೋಳೆ, ತಿಂಡಿಯ ಜಿಡ್ಡು, ಪ್ರೋಟೀನ್ ಎಲ್ಲ ಆ ಗುಳ್ಳೆಗಳ ಮೈಗೆ ಅಂಟಿಕೊಂಡು ಮೇಲೇರಿ, ಕುತ್ತಿಗೆ ದಾಟಿ ಕಪ್‌ಗೆ ಬೀಳುತ್ತವೆ. ಅಮೋನಿಯಾ ಆಗುವ ಮೊದಲೇ ಕೊಳೆ ಹೊರಗೆ ಬಂತು ಅಂತ ಅರ್ಥ. ಉಪ್ಪುನೀರಿನಲ್ಲಿ ಗುಳ್ಳೆ ಸಣ್ಣದಾಗಿದ್ದು, ಒಡೆಯದೆ ನಿಲ್ಲುವುದರಿಂದ ಇದು ಸಾಧ್ಯ, ಸಿಹಿನೀರಿನಲ್ಲಿ ಇಂಥ ನೊರೆ ಕಟ್ಟುವುದಿಲ್ಲ. ಕಪ್ ತೆಗೆದು ನೋಡಿದರೆ ತಳದಲ್ಲಿ ಕಂದು ಹಸಿರು ನೀರು, ಕುತ್ತಿಗೆಯ ಒಳಮೈಗೆ ಬೆರಳಿಗೆ ಹತ್ತುವ ಜಿಡ್ಡು. ಆ ಜಿಡ್ಡು ಒರೆಸದಿದ್ದರೆ ನೊರೆ ಸರಿಯಾಗಿ ಏರುವುದೇ ಇಲ್ಲ. ವಾಸನೆ ಕೆಟ್ಟದ್ದು, ಒಪ್ಪಿದೆ. ಆ ವಾಸನೆ ಟ್ಯಾಂಕಿನಲ್ಲಿ ಇಲ್ಲವಲ್ಲ ಎಂದು ನನಗೆ ಪ್ರತಿ ಸಲವೂ ಖುಷಿಯಾಗುತ್ತದೆ.

ಆದರೂ ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ಟ್ಯಾಂಕಿಗೆ ಸ್ಕಿಮ್ಮರ್ ಬೇಕೇ ಬೇಕು ಅಂತಿಲ್ಲ. ಅದರಲ್ಲಿ ಹಿಡಿಯುವುದು ಸುಮಾರು 55 ಲೀಟರ್. ಆರೇಳು ಕಿಲೋ ತೂತುಗಲ್ಲು, ನೀರು ಕಲಕುವ ಒಂದು ಚಿಕ್ಕ ವೇವ್‌ಮೇಕರ್, ಹತ್ತಿ ಮತ್ತು ಕಾರ್ಬನ್ ಇಟ್ಟ ಒಂದು ಹ್ಯಾಂಗ್ ಆನ್ ಸಾಕು. ಹತ್ತಿಯನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸಿ. ಬಿಟ್ಟರೆ ಹಿಡಿದಿಟ್ಟ ಕೊಳೆ ಅಲ್ಲೇ ಕೊಳೆತು ನೈಟ್ರೇಟ್ ಏರುತ್ತದೆ. ವಾರಕ್ಕೊಮ್ಮೆ ಐದಾರು ಲೀಟರ್ ನೀರು ತೆಗೆದು ಹೊಸ ಉಪ್ಪುನೀರು ಹಾಕಿ. ನೂರು ಲೀಟರ್ ದಾಟಿದರೆ, ಮೀನು ಜಾಸ್ತಿಯಾದರೆ, ಆಗ ಸ್ಕಿಮ್ಮರ್ ತನ್ನಿ. ಇದಕ್ಕಿಂತ ಮೊದಲು ಕೊಳ್ಳಬೇಕಾದದ್ದು ಕರೆಂಟ್ ಹೋದಾಗ ತಾನೇ ಶುರುವಾಗುವ ಬ್ಯಾಟರಿ ಏರ್ ಪಂಪ್. ಇನ್ವರ್ಟರ್‌ಗೆ ಜೋಡಿಸುವುದಾದರೆ ವೇವ್‌ಮೇಕರ್ ಒಂದನ್ನೇ ಜೋಡಿಸಿ, ಹೀಟರ್ ಬೇಡ. ಹೀಟರ್ ಬ್ಯಾಟರಿಯನ್ನು ಕುಡಿದು ಮುಗಿಸುತ್ತದೆ. ನೀರು ಸ್ವಲ್ಪ ತಣ್ಣಗಾದರೆ ಮೀನು ತಡೆದುಕೊಳ್ಳುತ್ತದೆ, ಉಸಿರು ಕಟ್ಟಿದರೆ ತಡೆಯುವುದಿಲ್ಲ.

ನೀರಿನ ವಿಷಯಕ್ಕೆ ಬಂದರೆ ಊರಿನ ಹಿರಿಯರಿಗೂ ನನಗೂ ಜಗಳ. "ಗಂಗಾ ಸ್ನಾನ, ತುಂಗಾ ಪಾನ ಅಂತಾರೆ, ತುಂಗೆ ನೀರಿಗಿಂತ ಒಳ್ಳೆ ನೀರು ಬೇಕಾ ನಿಂಗೆ?" ಕುಡಿಯಲು ಬೇಡ. ತುಂಗೆಯ ಮೇಲೆ ನನಗೂ ಅಷ್ಟೇ ಪ್ರೀತಿ. ಆದರೆ ನಲ್ಲಿ ನೀರಿಗೆ ಕ್ಲೋರಿನ್ ಹಾಕಿರುತ್ತಾರೆ. ನದಿ, ಬಾವಿ, ಬೋರ್ ಯಾವ ನೀರೇ ಆದರೂ ಅದರಲ್ಲಿ ಸಿಲಿಕೇಟ್, ಫಾಸ್ಫೇಟ್, ನೈಟ್ರೇಟ್ ಇರಬಹುದು. ನಮ್ಮ ಹೊಟ್ಟೆಗೆ ಅದರಿಂದ ತೊಂದರೆ ಇಲ್ಲ, ಆದರೆ ಟ್ಯಾಂಕಿನಲ್ಲಿ ಪಾಚಿ ಉಕ್ಕುತ್ತದೆ. ಆರ್‌ಒ ಮಾಡಿ, ಅದರ ಮುಂದೆ ಉಳಿದ ಲವಣ ಹೀರುವ ಡಿಐ ರೆಸಿನ್ ದಾಟಿಸಿ, ಕರಗಿದ ಲವಣ ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂ ರೀಫ್ ಉಪ್ಪು ಬೆರೆಸಿ, ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರಿನಲ್ಲಿ ಸಾಂದ್ರತೆ 1.025 ಬಂತಾ ನೋಡಬೇಕು. ಅಡುಗೆ ಉಪ್ಪು ಖಂಡಿತ ನಡೆಯುವುದಿಲ್ಲ. ಬೇಸಿಗೆಯಲ್ಲಿ ನೀರು ಆರಿ ಕಡಿಮೆಯಾದಾಗ ಉಪ್ಪಿಲ್ಲದ ಆರ್‌ಒ ನೀರನ್ನೇ ಹಾಕಿ. ಆರಿಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಇರುತ್ತದೆ.

"ಮುರ್ಡೇಶ್ವರಕ್ಕೆ ಹೋದಾಗ ನಾಲ್ಕು ಹವಳದ ಕಲ್ಲು ತಂದ್ಬಿಡ್ತೀನಿ, ಕಲ್ಲಿನ ಖರ್ಚು ಉಳಿಯುತ್ತೆ ಅಲ್ವಾ?" ಎಂದು ಕೇಳುವವರಿಗೂ ಇಲ್ಲೇ ಉತ್ತರ. ಬೇಡ. ಮುರ್ಡೇಶ್ವರದ ಆಚೆ ಸಮುದ್ರದಲ್ಲಿರುವ ನೇತ್ರಾಣಿ ದ್ವೀಪದ ಸುತ್ತ ಇರುವ ಹವಳ ಬೆಳೆಯಲು ತೆಗೆದುಕೊಂಡ ಕಾಲ ನಮ್ಮ ಆಯುಸ್ಸಿಗಿಂತ ದೊಡ್ಡದು. ಕಲ್ಲು ಹವಳಗಳನ್ನು 2001ರಲ್ಲೇ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದ್ದಾರೆ, ಮುಟ್ಟಿದರೆ ಜೈಲು. ಒಣ ಕಲ್ಲು, ಸೆರಾಮಿಕ್ ಕಲ್ಲು ತಗೊಳ್ಳಿ. ಬ್ಯಾಕ್ಟೀರಿಯಾ ಅದರ ಮೇಲೂ ಬೆಳೆಯುತ್ತದೆ, ಒಂದಿಷ್ಟು ದಿನ ಹೆಚ್ಚು ಹಿಡಿಯಬಹುದು. ಮೀನು ಕೊಳ್ಳುವಾಗಲೂ ಹ್ಯಾಚರಿಯಲ್ಲಿ ಮರಿಯಾದ ಕ್ಲೌನ್ ಕೇಳಿ. ಅದು ಟ್ಯಾಂಕಿಗೆ ಬೇಗ ಹೊಂದಿಕೊಳ್ಳುತ್ತದೆ, ಸಮುದ್ರದ್ದು ಸಮುದ್ರದಲ್ಲೇ ಉಳಿಯುತ್ತದೆ.

ಇಷ್ಟು ಓದಿಯೂ ಫಿಲ್ಟರ್ ಬಗ್ಗೆ ಕೇಳುವುದು ಉಳಿದಿದ್ದರೆ ಟ್ಯಾಂಕಿನ ಅಳತೆ, ಬಿಡಬೇಕೆಂದಿರುವ ಮೀನಿನ ಪಟ್ಟಿ, ನಿಮ್ಮ ಮನೆಯ ಇನ್ವರ್ಟರ್ ಎಷ್ಟು ಗಂಟೆ ತಡೆಯುತ್ತದೆ ಎಂಬ ಲೆಕ್ಕ, ಈ ಮೂರನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ಮನೆಗೆ ಬನ್ನಿ. ಭಾನುವಾರ ಬೆಳಗ್ಗೆ ನಾನು ನೀರು ಬದಲಿಸುತ್ತಿರುತ್ತೇನೆ. ನೀವೂ ಒಂದು ಬಕೆಟ್ ಹಿಡಿದುಕೊಳ್ಳಬಹುದು.