ಮೂಗು ಒತ್ತಿ ಹಿಡಿದ್ರೆ ಕಣ್ಣಲ್ಲಿ ರಕ್ತ

ನನ್ನ ಮಗನಿಗೆ ಮೂಗಿಂದ ರಕ್ತ ಬರೋದು ಹೊಸದೇನಲ್ಲ, ಗಾಳಿ ಒಣಗಿದ್ರೆ ಸಾಕು ಶುರು. ಅವತ್ತೂ ಹಾಗೇ ಆಯ್ತು, ಮುಂದಕ್ಕೆ ಬಗ್ಗಿಸಿ ಕೂರಿಸಿ ಮೂಗಿನ ಮೆತ್ತಗಿರೋ ಭಾಗ ಗಟ್ಟಿಯಾಗಿ ಒತ್ತಿ ಹಿಡ್ಕೊಂಡೆ. ಸ್ವಲ್ಪ ಹೊತ್ತಿಗೆ "ಅಮ್ಮಾ, ಕಣ್ಣು ಯಾಕೋ ಒದ್ದೆ ಒದ್ದೆ ಅನ್ಸ್ತಿದೆ" ಅಂದ. ನೋಡ್ತೀನಿ, ಎಡಗಣ್ಣಿನ ಒಳಮೂಲೆಯಿಂದ ಕೆಂಪು ನೀರು ಇಳೀತಾ ಇದೆ! ಕೈಕಾಲು ತಣ್ಣಗಾಯ್ತು ನಂಗೆ. ಅವನಿಗೆ ನೋವಿಲ್ಲ, ಉರಿಯಿಲ್ಲ, ನನ್ನ ಮುಖ ನೋಡಿನೇ ಅವನು ಹೆದರಿದ್ದು.

ಕಣ್ಣಿನ ಡಾಕ್ಟರ್ ಮೊದಲು ಕೇಳಿದ್ದೆಲ್ಲ ಕಣ್ಣಿಗೆ ಸಂಬಂಧನೇ ಇಲ್ಲ ಅನ್ನೋ ಥರದ ಪ್ರಶ್ನೆಗಳು, ಒಸಡಲ್ಲಿ ರಕ್ತ ಬರುತ್ತಾ, ಸುಮ್ಸುಮ್ನೆ ಮೈ ಮೇಲೆ ಕಪ್ಪುಗಟ್ಟುತ್ತಾ, ಆಸ್ಪಿರಿನ್ ಥರ ರಕ್ತ ತೆಳು ಮಾಡೋ ಮಾತ್ರೆ ತಗೋತಾನಾ, ಕಣ್ಣಿಗೆ ಪೆಟ್ಟು ಬಿದ್ದಿತ್ತಾ. ಆಮೇಲೆ ರೆಪ್ಪೆ ಮಗುಚಿ ಗಾಯ ಏನಾದ್ರೂ ಇದೆಯಾ, ಗಂಟು ಇದೆಯಾ ಅಂತ ನೋಡಿದ್ರು. ಏನೂ ಇರ್ಲಿಲ್ಲ. ಆಮೇಲೆ ಕಣ್ಣಿನ ಮೂಲೆ ಕೆಳಗೆ, ಮೂಗಿನ ಪಕ್ಕದಲ್ಲಿ ಬೆರಳಿಂದ ಮೆಲ್ಲಗೆ ಒತ್ತಿದ್ರು, ಕೆಳರೆಪ್ಪೆ ಅಂಚಲ್ಲಿರೋ ಸೂಜಿಮೊನೆಯಷ್ಟು ತೂತಿಂದ ಗುಲಾಬಿ ಬಣ್ಣದ ಹನಿ ಒಂದು ಉಬ್ಬಿ ಬಂತು, ನನಗೂ ತೋರಿಸಿದ್ರು.

ಆ ತೂತು ಎಲ್ಲರಿಗೂ ಇರುತ್ತಂತೆ, ಕನ್ನಡಿ ಮುಂದೆ ರೆಪ್ಪೆ ಎಳೆದು ನೋಡಿ ಕಾಣ್ಸುತ್ತೆ. ಕಣ್ಣೀರು ಅಲ್ಲಿಂದ ಸಣ್ಣ ಚೀಲಕ್ಕೆ ಇಳಿದು ನಾಳದ ಮೂಲಕ ಮೂಗಿಗೆ ಸೇರುತ್ತೆ, ಅದಕ್ಕೇ ಅತ್ತಾಗ ಮೂಗು ಸೋರೋದು, ಕಣ್ಣಿಗೆ ಹಾಕಿದ ಡ್ರಾಪ್ಸ್ ಗಂಟಲಲ್ಲಿ ಕಹಿ ಅನ್ಸೋದು. ಮೂಗು ಒತ್ತಿ ಹಿಡಿದಾಗ ರಕ್ತ ಹೊರಗೆ ಬರೋಕೆ ದಾರಿ ಇಲ್ದೆ ಒಮ್ಮೊಮ್ಮೆ ಇದೇ ನಾಳದಲ್ಲಿ ಉಲ್ಟಾ ಹತ್ತುತ್ತೆ. "ನೀವು ಒತ್ತಿ ಹಿಡಿದಿದ್ದು ಸರಿನೇ ಅಮ್ಮ, ಇನ್ನು ಮುಂದೆನೂ ಹಾಗೇ ಮಾಡಿ" ಅಂದ್ರು.

ಹೀಗೆ ಕಣ್ಣಿಂದ ರಕ್ತ ಬರೋದಕ್ಕೆ ಹಿಮೋಲಾಕ್ರಿಯಾ ಅಂತಾರೆ. 16ನೇ ಶತಮಾನದಲ್ಲೇ ಇಟಲಿಯ ವೈದ್ಯ ಬ್ರಸಾವೋಲಾ ಅನ್ನೋರು ಮುಟ್ಟಿನ ಬದಲು ಕಣ್ಣಿಂದ ರಕ್ತ ಬರ್ತಿದ್ದ ಒಬ್ಬ ಸನ್ಯಾಸಿನಿ ಬಗ್ಗೆ ಬರೆದಿದ್ರಂತೆ. ಕಣ್ಣಿನ ಸೋಂಕು, ರೆಪ್ಪೆ ಒಳಗಿನ ಗಂಟು, ರಕ್ತ ಹೆಪ್ಪುಗಟ್ಟದ ಕಾಯಿಲೆ, ಅಪರೂಪಕ್ಕೆ ಕಣ್ಣೀರಿನ ಚೀಲದಲ್ಲಿ ಗೆಡ್ಡೆ, ಹೀಗೆ ಕಾರಣ ತುಂಬಾ ಇವೆ. ಹದಿಹರೆಯದ ಕೆಲವರಲ್ಲಿ ಎಷ್ಟು ಹುಡುಕಿದ್ರೂ ಕಾರಣ ಸಿಗಲ್ಲ, ತಾನಾಗೇ ನಿಂತು ಹೋಗುತ್ತೆ. ಪವಾಡ, ಶಾಪ ಅಂತ ಕಥೆ ಕಟ್ಟೋರಿಗೆ ಏನು ಹೇಳೋದು, ಪಾಪ ಆ ಮಕ್ಕಳನ್ನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗೋ ಬದಲು ಜನರ ಮುಂದೆ ಕೂರಿಸ್ತಾರಲ್ಲ, ಸಿಟ್ಟು ಬರುತ್ತೆ.

ಪ್ಲೇಟ್‌ಲೆಟ್ಟು, ರಕ್ತ ಹೆಪ್ಪುಗಟ್ಟೋ ಟೆಸ್ಟು ಎಲ್ಲ ನಾರ್ಮಲ್ ಬಂತು. ಇಎನ್‌ಟಿ ಡಾಕ್ಟರ್ ಮೂಗೊಳಗೆ ರಕ್ತ ಸೋರ್ತಿದ್ದ ರಕ್ತನಾಳಕ್ಕೆ ಸಿಲ್ವರ್ ನೈಟ್ರೇಟ್ ಅನ್ನೋ ರಾಸಾಯನಿಕ ಮುಟ್ಟಿಸಿ ಸುಟ್ಟು ಮುಚ್ಚಿದ್ರು. ಮೂಗಿಂದ ರಕ್ತ ಬರ್ದೇ ಬರೀ ಕಣ್ಣಿಂದ ಬಂದ್ರೆ ಮಾತ್ರ ತಡ ಮಾಡ್ದೆ ಬನ್ನಿ, ಆಗ ಸ್ಕ್ಯಾನ್ ಬೇಕಾಗಬಹುದು ಅಂತ ಹೇಳಿ ಕಳಿಸಿದ್ರು. ಮಗರಾಯನಿಗೆ ಈಗ ಒಂದೇ ಕೊರಗು, ಅವತ್ತು ನಾನು ಫೋಟೋ ತೆಗೀಲಿಲ್ವಂತೆ.